ಹೋದ ವರ್ಷದ ಇದೇ ಮೂರು ತಿಂಗಳು

ಓಶ್ ಪೇಟೆಯ ತಂದೂರಿ ರೊಟ್ಟಿಯ ಸಾಲಿನಲ್ಲಿ ನನ್ನ ಮುಂದೆ ನಮ್ಮ ಬೀದಿಯ ಇಬ್ಬರು ನಿಂತಿದ್ದರು: ಬುರುಲಜ್ಜಿ, ಮತ್ತು ಅಂಕಿಅಂಶ ಕಚೇರಿಯಿಂದ ನಿವೃತ್ತಳಾದ ಸೈರಾಗುಲ್. ಈ ತ್ರೈಮಾಸಿಕದಲ್ಲಿ ದೇಶದ ಆರ್ಥಿಕತೆ ಶೇಕಡಾ ಒಂಬತ್ತು ಬೆಳೆದಿದೆ ಎಂದು ಅಂಗಡಿಯ ರೇಡಿಯೊ ಹೇಳಿತು.

“ಒಂಬತ್ತಾ! ಎಲ್ಲಿ ಬೆಳೀತಮ್ಮಾ? ರೊಟ್ಟಿ ನೋಡಿದ್ರೆ ಚಿಕ್ಕದಾಗ್ತಾ ಇದೆ,” ಎಂದಳು ಅಜ್ಜಿ.

“ಹೋದ ವರ್ಷದ ಇದೇ ಮೂರು ತಿಂಗಳಿಗೆ ಹೋಲಿಸಿ ಹೇಳ್ತಾರೆ, ಅಕ್ಕ. ಆಗ ಗಡಿ ಮುಚ್ಚಿ ವ್ಯಾಪಾರವೆಲ್ಲ ಬಿದ್ದೋಗಿತ್ತಲ್ಲ. ಬಿದ್ದವನು ಎದ್ದು ಕೂತ್ರೂ ಬೆಳವಣಿಗೇನೇ,” ಎಂದಳು ಸೈರಾಗುಲ್.

“ಹಾಗಾದ್ರೆ ನಾನೂ ಬೆಳೆದೆ ಅನ್ನು. ಯಜಮಾನ್ರು ತೀರಿಕೊಂಡ ಮೇಲೆ, ಹೋದ ವರ್ಷ ಈ ಹೊತ್ತಿಗೆ ನಾನು ಹಾಸಿಗೆ ಬಿಟ್ಟು ಏಳ್ತಿರಲಿಲ್ಲ. ಈಗ ರೊಟ್ಟಿಗೆ ಬಂದು ನಿಂತಿದೀನಿ.”

“ದೊಡ್ಡ ಬೆಳವಣಿಗೆ ಅಕ್ಕ, ನಿಜವಾಗ್ಲೂ.”

“ಅದರ ಹಿಂದಿನ ವರ್ಷಕ್ಕೆ ಹೋಲಿಸಿದ್ರೆ?”

ಸೈರಾಗುಲ್ ಅಜ್ಜಿಯ ಜಾರಿದ ತಲೆವಸ್ತ್ರವನ್ನು ಸರಿಮಾಡಿದಳು.

“ಇವತ್ತು ನಮ್ಮನೇಲೇ ಚಹಾ ಕುಡಿಯೋಣ, ಬನ್ನಿ.”

“ಬಂದ್ರೆ ವಾಪಸ್ ಹೋಗ್ಬೇಕಲ್ಲಮ್ಮ. ಆಮೇಲೆ ನನ್ನ ಮನೆ ಇನ್ನೂ ದೊಡ್ಡದಾಗಿ ಕಾಣುತ್ತೆ.”

ಬಿಸಿ ರೊಟ್ಟಿ ಬಂತು. ಅಜ್ಜಿ ಒಂದನ್ನು ಎದೆಗವಚಿಕೊಂಡು ನಡೆದಳು.

“ನಿಲ್ಲಿ ಅಕ್ಕ, ನಿಮ್ಮ ಬಾಗಿಲ ತನಕನಾದ್ರೂ ಬರ್ತೀನಿ,” ಎನ್ನುತ್ತ ಸೈರಾಗುಲ್ ಅವಳ ಹಿಂದೆ ಹೋದಳು.