ಗೂಡಿನಲ್ಲಿ ಕೂತ ನೀಲಿ ಆಳು

ಮರಿಯಪ್ಪ ಸತ್ತ ಮೂರನೆಯ ದಿನ, ಅವನ ಹಾಲುತುಪ್ಪದ ಹೊತ್ತಿನಲ್ಲಿ, ದೊಡ್ಡಮನೆಯವರು ತಮ್ಮ ಮನೆಯ ಹೆಣಕ್ಕೆ ಗುಂಡಿ ತೋಡಲು ಅವನ ಮಗ ಸೋಮಣ್ಣನನ್ನು ಕರೆಸಿದರು. ಮರಿಯಪ್ಪ ಮೂವತ್ತು ವರ್ಷ ಆ ಗುಂಡಿಗಳನ್ನು ತೋಡಿದ್ದ. ಅವನ ಅಪ್ಪನೂ ತೋಡಿದ್ದ. ಕೂಲಿ ಕೊಡುವ ಪದ್ಧತಿ ಇರಲಿಲ್ಲ.

ಇದಿಷ್ಟು ಸೋಮಣ್ಣನ ಪರವಾಗಿ ನಾವು ತಾಲ್ಲೂಕು ಕಚೇರಿಗೆ ಕೊಟ್ಟ ಅರ್ಜಿಯಲ್ಲಿದೆ. ಅರ್ಜಿಯಲ್ಲಿಲ್ಲದ್ದನ್ನು ನಮಗೆ ಹೇಳಿದವರು ಮರಿಯಪ್ಪನ ಅಕ್ಕ ಪುಟ್ಟಮಾದಮ್ಮ, ಎರಡು ವರ್ಷ ಕಳೆದ ಮೇಲೆ, ಚಿತ್ತೆ ಮಳೆಯ ಒಂದು ಸಂಜೆ. ಗುಂಡ್ಲುಪೇಟೆಯ ನಮ್ಮ ಓದುಬಳಗದ ನಾಲ್ವರು ಚಾಮರಾಜನಗರದಲ್ಲಿ ಕೆಲಸ ಮುಗಿಸಿ, ಹರದನಹಳ್ಳಿ ದಾಟಿ ಆ ಸಣ್ಣ ಊರಿಗೆ ಸೋಮಣ್ಣನನ್ನು ಕಾಣಲು ಹೋಗಿದ್ದೆವು. ಮಳೆ ಹಿಡಿದುಕೊಂಡಿತು. ಮನೆಯ ನಡುವಿನಲ್ಲೇ ರೇಷ್ಮೆಹುಳುವಿನ ತಟ್ಟೆಗಳು. ನಾಲ್ಕನೆಯ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಕಳಚಿ, ಎದ್ದ ಹುಳುಗಳು. ಆಮೇಲೆ ಅವಕ್ಕೆ ಒಂದು ಹೊತ್ತಿನ ಸೊಪ್ಪು ತಪ್ಪಿದರೂ ಬೆಳೆ ಹೋದಂತೆ. ಸೋಮಣ್ಣ ಸೊಪ್ಪು ಹರಡುತ್ತಿದ್ದ. ಅವು ಮೇಯುವ ಸದ್ದು ಯಾವುದು, ಹೆಂಚಿನ ಮೇಲಿನ ಮಳೆಯ ಸದ್ದು ಯಾವುದು ಎಂದು ಬೇರ್ಪಡಿಸಲು ಆಗುತ್ತಿರಲಿಲ್ಲ. ಮುದುಕಿ ಗೋಡೆಗೊರಗಿ ಎಲೆಯಡಿಕೆ ಜಗಿಯುತ್ತ ಶುರುಮಾಡಿದರು.

“ಕೂತ್ಕಳಿ ಕಣ್ರಪ್ಪ, ಬಸ್ಸಿನ ಆಸೆ ಬುಡಿ. ಅಗೋ, ಆ ಗೋಡೆ ಗೂಡ್ನಲ್ಲಿ ದೀಪದ ಪಕ್ಕ ಕುಂತದಲ್ಲ, ನೀಲಿ ಗೊಂಬೆ... ಕಾಣ್ತದಾ? ಗೇಣುದ್ದನೂ ಇಲ್ಲ. ಎದೆ ಮ್ಯಾಲೆ ಕೈ ಕಟ್ಕಂಡದೆ. ಅದ್ರ ಪಕ್ಕ ಕಲ್ಲಿನ ಜೀರುಂಡೆ. ಎರಡೂ ನನ್ ತಮ್ಮ ಈಜಿಪ್ಟಿಂದ ತಂದದ್ದು. ನೀವು ನಗಕ್ಕಿಲ್ಲ, ಓದ್ದೋರು. ಊರು ನಕ್ಕಿತ್ತು, ಕೇರಿ ಮರಿಯ ಈಜಿಪ್ಟ್ಗೋಗಿದ್ನಂತೆ ಅಂತ. ಚಾಮ್ರಾಜನಗರದ ಅಮೀರ್ ಜಾನ್ ಸಾಬ್ರತ್ರ ಇವ್ನು ನೂಲು ತೆಗೆಯೋ ಕೆಲ್ಸಕ್ಕಿದ್ದ. ಆ ದೇಸದಲ್ಲಿ ಯಾವ್ದೋ ಕಂಪ್ನಿಯೋರ್ಗೆ ಆ ಕೆಲ್ಸ ಕಲಿಸಕ್ಕೆ ಸಾಬ್ರು ಹೊಂಟಾಗ, ನಿನ್ ಕೈ ಚೆಂದಾಗದೆ ಬಾರಪ್ಪ ಅಂತ ಕರ್ಕಂಡೋದ್ರು. ಒಂದೊರ್ಸ ಇದ್ದ. ಅಲ್ಲಿ ಇವನ್ನ ಮೇಷ್ಟ್ರೇ ಅಂತಿದ್ರಂತೆ... ಮೇಷ್ಟ್ರೇ! ಇಲ್ಲಿಗೆ ಬಂದಿಳಿದು ಬಟ್ಟೆ ಗಂಟು ಬಿಚ್ಚಿರ್ನಿಲ್ಲ, ಆ ದೊಡ್ಡಮನೆ ಶಿವರಾಮು ಬೇವಿನ ಮರದತ್ರ ನಿಂತು ಕೂಗ್ದ, ‘ಲೋ ಮರಿಯಾ!’ ಅವ್ನು ಅಲ್ಲೇ ನಿಲ್ಲೋದು, ಕೇರಿ ಒಳಿಕ್ಕೆ ಕಾಲಿಡಕ್ಕಿಲ್ಲ. ಇವ್ನು ‘ಬಂದೆ ಬುದ್ದಿ’ ಅಂದು ಗುದ್ದಲಿ ತಕ್ಕಂಡೋದ.

“ನನ್ ತಮ್ಮನ ತಲೇಲಿ ಇದ್ದದ್ದು ಒಂದೇ ಕಣ್ರಪ್ಪ... ಸತ್ಮ್ಯಾಕೆ ಏನಾಯ್ತದೆ? ಹುಣ್ಣಿಮೆಗೆ ನಿಮ್ ಗುಂಡ್ಲುಪೇಟೆಗೆ ತತ್ವಪದ ಹಾಡಕ್ಕೆ ಬರೋನು, ಶುಕ್ರವಾರ ಸಾಬ್ರ ಜೊತೆ ದರ್ಗಾದಲ್ಲಿ ಕೂರೋನು. ಈ ಗೊಂಬೆ ತಂದದ್ದೂ ಅದಕ್ಕೇಯ. ಆ ದೇಸದ ದೊರೆಗಳು ಸತ್ರೆ ಹೆಣದ ಜೊತೆ ಇಂಥ ಗೊಂಬೆಗಳ್ನ ಮಡಗೋರಂತೆ, ದಿನಕ್ಕೊಂದಾಳಿನಂಗೆ ವರ್ಸಕ್ಕಾಗೋವಷ್ಟು. ಅವುಗಳ್ ಮ್ಯಾಲೆ ಮೇಸ್ತ್ರಿ ಗೊಂಬೆ ಬ್ಯಾರೆ, ಕೈಲಿ ಚಾಟಿ! ಆ ಲೋಕದಲ್ಲಿ ದೊರೇನ ಕೆಲ್ಸಕ್ಕೆ ಕೂಗುದ್ರೆ ಗೊಂಬೆ ಎದ್ದು ‘ಇಗೋ ಬಂದೆ’ ಅಂತ ಹೋಗ್ಬೇಕಂತೆ. ಸತ್ತ ಮ್ಯಾಲೂ ಚಾಕರಿ... ಎಂಗದೆ? ಮರಿಯ ದಿನಾ ದೀಪ ಹಚ್ಚಿ, ಪದ ಹೇಳಿ, ಕೊನೇಗೆ ಇದಕ್ಕೆ ಪಾಠ ಮಾಡೋನು: ‘ನಾ ಕಲೀನಿಲ್ಲ, ನೀನಾದ್ರೂ ಕಲಿ. ಯಾರು ಕೂಗುದ್ರೂ ಬಂದೆ ಅನ್ಬ್ಯಾಡ ಕಣ್ಲಾ. ಬರಕ್ಕಿಲ್ಲ ಅನ್ನು.’ ಗೊಂಬೆಗೆ! ನಾವು ನಗ್ತಿದ್ದೋ.

“ಅವ್ನು ಸತ್ತ ಮೂರನೇ ದಿನ ಒಳಗೆ ಎಡೆ ಇಕ್ಕುದೋ. ಮುದ್ದೆ, ಸೊಪ್ಪಿನ ಸಾರು, ಬೀಡಿ ಕಟ್ಟು... ಸೋಮ ಈ ಗೊಂಬೆ, ಜೀರುಂಡೆ ಎರಡ್ನೂ ತಂದು ಎಡೆಗೆ ಮಡಗ್ದ. ಎದ್ದುಬುಟ್ರು ನೆಂಟ್ರು, ‘ಯಾವ್ದೋ ದೇಸದ ಹೆಣದ್ ಗೊಂಬೆಯ ಎಡೇಲಿ ಮಡಗ್ತಾರೇನ್ಲಾ!’ ಅಂತ. ಇಂವ ಒಂದೇ ಮಾತು ಅಂದ, ‘ಅಪ್ಪಯ್ಯನಿಗೆ ಇಷ್ಟ ಇದ್ದದ್ದು ಇದೇಯ.’ ಬಾಗ್ಲು ಎಳ್ಕಂಡು ಎಲ್ಲಾರೂ ಆಚೆ ಕುಂತೋ. ಸತ್ತೋನು ಬಂದು ಉಣ್ಣೋ ಹೊತ್ತು ಅದು. ಒಳಗೊಂದು ನರಪಿಳ್ಳೆ ಇರ್ನಿಲ್ಲ... ನೆಪ್ಪಲ್ಲಿ ಮಡಿಕ್ಕಳಿ. ಆ ಹೊತ್ನಲ್ಲಿ ಸತ್ತೋನ ಹೆಸ್ರು ಎತ್ತಬಾರ್ದು, ಎತ್ತುದ್ರೆ ಅರ್ಧ ಊಟದಲ್ಲಿ ಎದ್ದು ಬಂದುಬುಡ್ತಾನೆ ಅಂತ ನಮ್ ಕಡೆ ಮಾತು. ಅಷ್ಟೊತ್ಗೆ ಬಂದ ಶಿವರಾಮು, ದೊಡ್ಡಮನೆ ಅಮ್ಮಾವ್ರು ಹೋಗ್ಬುಟ್ರು ಅಂತ.”

“ಅತ್ತೆ, ಸಾಕು ಬುಡಿ,” ಎಂದ ಸೋಮಣ್ಣ, ತಟ್ಟೆಯಿಂದ ತಲೆಯೆತ್ತದೆ. “ಬಂದೋರ್ನ ಯಾಕೆ ಹೆದ್ರಿಸ್ತೀರಿ?”

“ನೀ ಸೊಪ್ಪಿಕ್ಕು. ಅವತ್ತು ಹೆದ್ರಿ ಗುದ್ದಲಿ ಹೆಗಲಿಗೆ ಹಾಕಿದ್ದೋನು ನೀನೇಯ!” ಮುದುಕಿ ನಕ್ಕರು. “ತಪ್ಪಲ್ಲ ಕಣ್ರಪ್ಪ. ಅವತ್ತೂ ಹಿಂಗೇ ನಾಕನೇ ಜ್ವರ ಎದ್ದ ಹುಳ. ಸೊಪ್ಪಿನ ಗಾಡಿ ಬರೋ ದಾರಿ ದೊಡ್ಡಮನೆ ಹೊಲದ್ದು; ಹೋಗ್ದೆ ಇದ್ರೆ ಗೇಟಿಗೆ ಬೀಗ. ಇಂವ ಎದ್ದು ನಿಂತಿದ್ದ. ಶಿವರಾಮು ಏನ್ಮಾಡ್ದ? ಸೋಮಾ ಅನ್ನಬೇಕಾದೋನು, ಮೂವತ್ತೊರ್ಸದ ರೂಢಿ ನೋಡಿ, ಬಾಯಿ ಅದಾಗೇ ಕೂಗ್ತು... ‘ಲೋ ಮರಿಯಾ! ಬಾರ್ಲಾ, ಗುಂಡಿ ತೋಡು!’

“ಮುಚ್ಚಿದ್ ಬಾಗ್ಲ ಒಳಗಿಂದ ಬಂತು. ಗಟ್ಟಿಯಾಗೇನಲ್ಲ. ಉಣ್ತಾ ಕುಂತೋನು ತಲೆ ಎತ್ತದೆ ಹೇಳ್ತಾನಲ್ಲ, ಅಂಗೆ. ‘ಬರಕ್ಕಿಲ್ಲ.’

“ನನ್ ತಮ್ಮನ ದನಿ ನಂಗೆ ಗೊತ್ತಿಲ್ವಾ? ಆದ್ರೆ ಆ ಮಾತ ಅವನ ಬಾಯಲ್ಲಿ ಕೇಳಿದ್ದು ಅದೇ ಮೊದ್ಲು. ಶಿವರಾಮುನ ಒಂದು ಚಪ್ಲಿ ಬೇವಿನ ಮರದ ಬುಡದಲ್ಲೇ ಉಳೀತು. ಸೋಮ ಗುದ್ದಲಿ ಕೆಳಕ್ಕೆ ಮಡಗ್ದ. ಬಾಗ್ಲು ತೆಗೆದ್ರೆ... ಬಾಗ್ಲ ಕಡೆ ಮಕ ಮಾಡಿ ಮಡಗಿದ್ ಗೊಂಬೆ, ಬಾಗ್ಲಿಗೆ ಬೆನ್ನು ಮಾಡಿ ಕುಂತಿತ್ತು.

“ದೊಡ್ಡಮನೆಯೋರು ಜೆಸಿಬಿ ತರ್ಸಿ ಗುಂಡಿ ತೆಗ್ಸುದ್ರು. ಅದು ಬಂದೆ ಬುದ್ದಿ ಅನ್ನಕ್ಕಿಲ್ಲ, ಡೀಸಲ್ ಕೇಳ್ತದೆ. ಗೇಟಿಗೆ ಬೀಗ ಬಿತ್ತು. ಸೋಮ ಕೆರೆ ಏರಿ ಬಳಸಿ ತಲೆ ಮ್ಯಾಲೆ ಸೊಪ್ಪು ಹೊತ್ತ, ಅರ್ಧ ಹುಳ ಸತ್ತೋದೊ. ನಿಮ್ ಅರ್ಜಿಯಿಂದ ಗೇಟು ತೆಗೆದವ್ರೆ, ಬೀಗ ಮಾತ್ರ ಮಡಿಕ್ಕಂಡೇ ಅವ್ರೆ. ಇವತ್ತು ಮಧ್ಯಾಹ್ನದಿಂದ ದೊಡ್ಡಮನೆ ಯಜಮಾನನಿಗೆ ಉಸಿರು ಎಳೀತಾ ಅದಂತೆ... ಅದಕ್ಕೇ ಹೇಳ್ದೆ. ಆ ಗೊಂಬೇನ ಬೆಳಿಗ್ಗೆ ನಾನೇ ಒರಸಿ ಈ ಕಡೆ ಮಕ ಮಾಡಿ ಮಡಗಿದ್ದೆ. ಈಗ ನೋಡಿ.”

ನೋಡುವಷ್ಟರಲ್ಲಿ ಕರೆಂಟು ಹೋಯಿತು; ಗೂಡಿನ ದೀಪ ಇನ್ನೂ ಹಚ್ಚಿರಲಿಲ್ಲ. ಸೋಮಣ್ಣ ಸಣ್ಣ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಎರಡೂ ಕೈಯಿಂದ ಸೊಪ್ಪು ಹರಡತೊಡಗಿದ. ತಟ್ಟೆಯ ಮೇಲೊಂದು ಬೆಳಕಿನ ಬಿಲ್ಲೆ, ಅದರೊಳಗೆ ಹುಳುಗಳು.

ಬೇವಿನ ಮರದ ಕಡೆಯಿಂದ, ಮಳೆಯ ನಡುವೆ, ಯಾರೋ ಕೂಗಿದರು. ಈ ಸಲ ಹೆಸರು ತಪ್ಪಿರಲಿಲ್ಲ.

“ಲೋ ಸೋಮಾ! ಯಜಮಾನ್ರು ಹೋಗ್ಬುಟ್ರು! ಗುದ್ದಲಿ ತಕ್ಕಂಡು ಬಾ!”

“ಬರಕ್ಕಿಲ್ಲ.”

ಅದು ಮನೆಯೊಳಗಿನ ದನಿ. ನಾವು ನಾಲ್ವರೂ ಸೋಮಣ್ಣನ ಕಡೆ ತಿರುಗಿದೆವು. ಟಾರ್ಚು ಅವನ ಹಲ್ಲುಗಳ ನಡುವೆ ಹಾಗೆಯೇ ಇತ್ತು. ಬೆಳಕು ಅಲುಗಿರಲಿಲ್ಲ. ಪುಟ್ಟಮಾದಮ್ಮ ಎಲೆಯಡಿಕೆ ಜಗಿಯುತ್ತಲೇ ಇದ್ದರು.

ಸೋಮಣ್ಣ ಟಾರ್ಚನ್ನು ಬಾಯಿಂದ ತೆಗೆದ. ಬಾಗಿಲಿಗೆ ಬೆನ್ನು ಮಾಡಿ, ಇನ್ನೊಂದು ಹಿಡಿ ಸೊಪ್ಪು ಎತ್ತಿಕೊಳ್ಳುತ್ತ, ಆಚೆಗೆ ಕೇಳುವಂತೆ ಹೇಳಿದ:

“ನಾನೂ ಬರಕ್ಕಿಲ್ಲ.”