ಪರದೆಯೊಳಗೆ ನಡೆದು ಹೋದವರು

ಹುಮನಾಬಾದ್ ಬಸ್ ನಿಲ್ದಾಣದ ಬೆಂಚಿನಲ್ಲಿ ವಿದ್ಯಾವತಿಯ ಪಕ್ಕಕ್ಕೆ ಅತ್ತೆ ಸೊಸೆ ಇಬ್ಬರು ಬಂದು ಕೂತರು. ಕಾಲೇಜಿನಲ್ಲಿ ತೋರಿಸಿದ ಸಿನಿಮಾ ನೋಡಿ ಬಂದವರೆಂದು ಅವರ ಮಾತಿನಿಂದಲೇ ಅವಳಿಗೆ ತಿಳಿಯಿತು.

“ಅತ್ತಿ, ಅಷ್ಟು ಮಂದಿಯೊಳಗ ಯಾಕ ಕೂಗಿದ್ರಿ?”

“ನಿಮ್ಮ ಮಾವ ಹೊಳ್ಳಿ ನೋಡ್ಲಿ ಅಂತ, ಮಯೂರಿ.”

“ಮಾವ ತೀರಿಕೊಂಡು ವರ್ಷ ಆತಲ್ರಿ. ಅದು ಅವ್ರು ಇದ್ದಾಗ ನಮ್ಮೂರಾಗ ಶೂಟಿಂಗ್ ಮಾಡಿದ್ದು.”

“ಗೊತ್ತದವ್ವ. ಆದ್ರ ಹ್ಯಾಂಗ ನಡ್ಯಾಕತ್ತಿದ್ರು ನೋಡಿದಿಲ್ಲೋ? ಹೆಗಲ ಮ್ಯಾಲ ಟವಲ್ ಹಾಕ್ಕೊಂಡು, ತೊಗರಿ ಹೊಲದ ಬದುವಿನ ಮ್ಯಾಲ.”

“ಬರೇ ಬೆನ್ನು, ಎಷ್ಟೊತ್ತು ತೋರ್ಸಿದ್ರು! ಮಂದಿ ಬ್ಯಾಸತ್ತು ಎದ್ದು ಹೋದ್ರು.”

“ನನಗ ಸಾಲಲಿಲ್ಲ. ಇನ್ನೊಂದು ಚೂರು ತೋರ್ಸಿದ್ರ ಹೊಳ್ಳತಿದ್ರು, ಮಾರಿ ಕಾಣ್ತಿತ್ತು ಅನ್ನಿಸ್ತು.”

ಸೊಸೆ ಅತ್ತೆಯ ಕೈ ಹಿಡಿದುಕೊಂಡಳು. ವಿದ್ಯಾವತಿ ಬೇರೆ ಕಡೆ ನೋಡಿದಳು.

ಅಷ್ಟರಲ್ಲಿ ಹುಲಸೂರಿನ ಬಸ್ಸು ಬಂತು.

“ನಾಳಿ ಬಸವಕಲ್ಯಾಣದಾಗೂ ತೋರಸ್ತಾರಂತಲ್ಲ?” ಏಳುತ್ತ ಅತ್ತೆ ಕೇಳಿದಳು.

“ಬ್ಯಾಡ್ರಿ ಅತ್ತಿ. ಮತ್ತ ಕೂಗ್ತೀರಿ, ಮತ್ತ ಮಂದಿ ನಗ್ತಾರ.”

“ಕೂಗೂದಿಲ್ಲ. ಸುಮ್ಮ ಕೂತು ನೋಡ್ತೀನಿ. ಒಂದ್ಸಲ ಕರ್ಕೊಂಡು ಹೋಗವ್ವ.”

ಮಯೂರಿ ಹೂಂ ಎಂದಳೋ ಇಲ್ಲವೋ, ಬಸ್ಸಿನ ಸದ್ದಿನಲ್ಲಿ ವಿದ್ಯಾವತಿಗೆ ಕೇಳಿಸಲಿಲ್ಲ.