ಸಕುಟುಂಬ ಸಪರಿವಾರ ಸಮೇತ

ನಗಬ್ಯಾಡ ಬಸ್ಸಮ್ಮ, ನಾ ಹುಟ್ಟಿಸಿ ಓದಾಕತ್ತಿಲ್ಲ. ಈ ಲಗ್ನದ ಕಾರ್ಡಿನಾಗೇ ಅಚ್ಚಾಗ್ಯಾದ, ಅದೂ ಬಂಗಾರದ ಅಕ್ಷರದಾಗ. "ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ." ಕುಟುಂಬ ಅಂದ್ರ ಮನಿ ಮಂದಿ. ಪರಿವಾರ ಅಂದ್ರೂ ಅವ್ರೇ, ನಡುವ ಬ್ಯಾರೆ ಯಾರೂ ಬಂದು ಸೇರಿಲ್ಲ. ಸಮೇತ ಅಂದ್ರ ಅವ್ರನ್ನ ಜೋಡಿಗಿ ಕರ್ಕೊಂಡು ಬರ್ರಿ ಅಂತ, ಅದನ್ನ ಆಗ್ಲೇ ಎರಡು ಸಲ ಹೇಳಿ ಆಗ್ಯಾದ. ಈ ಮನ್ಯಾಗ ಇರಾಕಿ ನಾನೊಬ್ಬಾಕಿ. ಗಂಡ ಹೋಗಿ ಎಷ್ಟು ವರ್ಷಾತು, ಮಕ್ಕಳಿಲ್ಲ. ನಾ ಯಾರ್ನ ಸಮೇತ ಬರ್ಲಿ? ಖಾನಾವಳಿ ಒಲಿ ಹೊತ್ಕೊಂಡು ಬರ್ಲೇನು?

ಚಾ ಕುಡಿ, ತಣ್ಣಗಾಗ್ತದ.

ಏನಂದಿ? ಕಾರ್ಡ ಕೊಟ್ಟೀನಲ್ಲಕ್ಕಾ ಅಂತಿ... ಕೊಟ್ಟಿ, ಯಾರು ಇಲ್ಲಂದ್ರು? ಆದ್ರ ಈಗಷ್ಟೇ ಎದುರಮನಿ ಖಾಜಾಬೀ ಬಾಗಲದಾಗ ನಿಂತು "ತಪ್ಪದ ಮರೀದ ಬಾರವ್ವ, ಬರಲೇಬೇಕು" ಅಂದಿ, ಇಲ್ಲಿ ತನಕ ಕೇಳಿಸ್ತು. ತಪ್ಪದ ಅಂದ ಮ್ಯಾಲ ಮರೀದ ಯಾಕ, ಮರೀದ ಅಂದ ಮ್ಯಾಲ ಬರಲೇಬೇಕು ಯಾಕ ಅಂತ ನಾ ಕೇಳಾಂಗಿಲ್ಲ. ಕರಿಯೋ ಮಾತು, ಹೆಚ್ಚಾದ್ರ ಚಂದೇ. ಆದ್ರ ನನ್ನ ಹೊಸ್ತಿಲ ದಾಟಿ ಬಂದು ಚೀಲದಾಗಿಂದ ಇದನ್ನ ತಗದು, "ಅಕ್ಕಾ, ಇದು ಕಾರ್ಡ" ಅಂದಿ. ಕಾರ್ಡ ಅಂತ ನಂಗೂ ಕಾಣ್ತದವ್ವ. ಬಾ ಅನ್ನಲಿಲ್ಲ ನೀ.

ಇರ್ಲಿ, ಮುಂದ ಓದೋಣ. "ಶುಭ ವಿವಾಹ ಮಹೋತ್ಸವ ಸಮಾರಂಭದ ಕಾರ್ಯಕ್ರಮ." ನನ್ನ ಸೊಸಿ, ನಿನ್ನ ಮಗಳು ಬಾಲಿಗೆ ಒಂದೇ ಲಗ್ನ ಮಾಡಾಕತ್ತೀರೋ, ನಾಕು ಮಾಡಾಕತ್ತೀರೋ? ಇದು ಪ್ರೆಸ್ಸಿನಾಂವ ಬರ್ದದ್ದಲ್ಲ, ನನ್ನ ತಮ್ಮ ಚಂದ್ರಾಮಪ್ಪ ಬಾಜೂಕ ಕುಂತು ಬರಿಸ್ಯಾನ. ನಿನ್ನ ಗಂಡ ಆಗೋದ್ಕಿಂತ ಮುಂಚೆ ಅವ ನನ್ನ ತಮ್ಮ, ಅವನ ಬಾಯಿ ನಂಗ ಗೊತ್ತಿಲ್ಲೇನು? ಹೊಸ ಟ್ರ್ಯಾಕ್ಟರ್ ತಂದ ದಿನ ಅಂಗಳದಾಗ ನಿಂತು "ಹಿಂದಕ್ಕ ರಿವರ್ಸ ತಗೋ, ಹಿಂದಕ್ಕ ರಿವರ್ಸ" ಅಂತ ಒಂದೇ ಸವನೆ ಒದರ್ತಿದ್ದ. ರಿವರ್ಸ ಮುಂದಕ್ಕ ಹೋಗ್ತದೇನು?

ಆಂ, ಈಗ ನಕ್ಕಿ. ನಗು, ಗಂಡನ ಮಾತಂದ್ರ ನಗಬೇಕೇ.

ಕೆನಾಲ ಬರೋದ್ಕಿಂತ ಮುಂಚೆ ನಮ್ಮೂರಾಗ ಕಾರ್ಡ ಎಲ್ಲಿದ್ವು? ನಿಮ್ಮ ಲಗ್ನಕ್ಕ ನಮ್ಮವ್ವ ಮನಿಮನಿಗಿ ಹೋಗಿ, ಕೈಯಾಗ ಎಲಿ ಅಡಿಕಿ ಇಟ್ಟು, "ಲಗ್ನದ, ಬರ್ರಿ" ಅಂದ್ಳು. ಅಷ್ಟೇ. ಮಂದಿ ಬಂದು ಚಪ್ಪರದಾಗ ಕಾಲಿಡಾಕ ಜಾಗ ಇರಲಿಲ್ಲ. ಕೆನಾಲ ಬಂತು, ಜ್ವಾಳ ಬಿಟ್ಟು ನೆಲ್ಲು ಹಚ್ಚಿದ್ರಿ, ಕೈಯಾಗ ನಾಕು ಕಾಸು ಆಡಿದ್ವು. ಮಾತಿಗೂ ನೀರು ಬಿಟ್ರಿ. ಒಂದು ಬೇಕಾದಲ್ಲಿ ನಾಕು ನಾಟಿ ಮಾಡೀರಿ.

ನಿಮ್ಮನ್ನಷ್ಟೇ ಆಡ್ಕೊಳ್ಳಾಕತ್ತಿಲ್ಲ. ಈ ಖಾಜಾಬೀನೇ ದಿನಾ ಬಂದು "ಸಿರ್ಫ್ ಖಾಲಿ ಬರೇ ಎರಡು ರೊಟ್ಟಿ ಕೊಡು ಸಾಯಬಮ್ಮ" ಅಂತಾಳ. ಸಿರ್ಫ್ ಅಂದ್ರೂ ಖಾಲಿ ಅಂದ್ರೂ ಬರೇ ಅಂದ್ರೂ ಒಂದೇ. ನಾನೂ ಮುಖಕ್ಕ ಹೊಡದಂಗ ಕೇಳೇ ಬಿಟ್ಟೀನಿ, ಎರಡು ರೊಟ್ಟಿಗಿ ಇಷ್ಟು ಕಾವಲು ಯಾಕವ್ವ ಅಂತ. ಆದ್ರ ಆಕಿ ಅಂದಂಗ ಮಾಡಾಕಿ. ಪುಕ್ಕಟೆ ಪಲ್ಯ ಕೊಟ್ರೂ ಮುಟ್ಟಂಗಿಲ್ಲ, ಎರಡೇ ರೊಟ್ಟಿ ಸೆರಗಿನಾಗ ಮುಚ್ಚಿಕೊಂಡು ಹೋಗ್ತಾಳ. ಈ ಕಾರ್ಡಿನಾಗ ಅಂದದ್ದು ಯಾರರ ಮಾಡ್ತಾರೇನು, ಹೇಳು ನೋಡಮ್.

ಬಾಲಿ ತೊಟ್ಟಿಲದಾಗ ಇದ್ದಾಗ ಕಿವ್ಯಾಗ ಹೆಸರು ಹೇಳಿದಾಕಿ ನಾನು. ಹೈಸ್ಕೂಲಿಗಿ ಶಹಾಪುರಕ್ಕ ಬಂದಾಗ ಇದೇ ಮನ್ಯಾಗ ಇದ್ದು ಓದ್ಯಾಳ, ನನ್ನ ಮಗ್ಗಲದಾಗೇ ಮಲಗ್ಯಾಳ. ಸೋದರತ್ತಿ ನಾ ಆಕಿಗಿ. ಮದಿಮಗಳಿಗಿ ಮೊದಲನೇ ಅರಿಷಿಣ ಸೋದರತ್ತಿ ಹಚ್ಚೋದು ನಮ್ಮ ಕಡಿ ಪದ್ಧತಿ, ನೀನೇನು ಹೊಸಬಾಕಿ ಅಲ್ಲ... ನಿಂಗೂ ಹಚ್ಚಿದ್ದು ನಿನ್ನ ಸೋದರತ್ತಿನೇ. ಏನು, ನೆಲ ಯಾಕ ನೋಡಾಕತ್ತಿ? ಗಂಡ ಇದ್ದಾಕಿ ಹಚ್ಚಬೇಕು ಅಂತಿ? ಇಲ್ಲ, ನೀ ಅನ್ನಲಿಲ್ಲ. ನೆಲ ನೋಡಿದಿ, ಅಷ್ಟೇ.

ನಂಗೇನು ಬ್ಯಾಸರಿಲ್ಲವ್ವ. ಮುಂಜಾನೆದ್ದು ರೊಟ್ಟಿ ಬಡಿಯಾಕಿ ನಾ, ಖಾನಾವಳಿ ಮುಚ್ಚಿ ಲಗ್ನ ಅಂತ ತಿರಗಾಕ ಎಲ್ಲಿ ಪುರಸೊತ್ತು?

ಹಾಂ, ನೋಡು, ಮುಖ ಹ್ಯಾಂಗ ಅರಳ್ತು! "ಹಂಗಾರ ನೀ ಬರಾಂಗಿಲ್ಲೇನಕ್ಕಾ?" ಅಂತ ಕೇಳಿದಿ. ಒಮ್ಮೆ ಕೇಳಿ ಸುಮ್ಮನಾಗ್ಲಿಲ್ಲ, ಮತ್ತ ಕೇಳಿದಿ. ಬರಾಂಗಿಲ್ಲ ಅಂತ ನಾ ಎಲ್ಲಿ ಅಂದೆ? ಪುರಸೊತ್ತಿಲ್ಲ ಅಂದೆ. ಅದೂ ಇದೂ ಒಂದೇ ಅಂತ ತಿಳ್ಕೊಂಡು ಎದ್ದು ನಡೀಬ್ಯಾಡ. ಕೂಡು.

ಬಂದ ಕೆಲಸ ಏನು, ಅದನ್ನ ಅನ್ನು ಬಸ್ಸಮ್ಮ.

ಅನ್ನು ಅಂದ್ರ ಅನ್ನವಲ್ಲಿ. ಆತು, ಕಾರ್ಡ ಕೆಳಗಿಟ್ಟೆ. ನಾನೇ ಹೇಳ್ತೀನಿ. ನೀ ಕರಿಯಾಕ ಬಂದಿಲ್ಲ. ಬರಾಂಗಿಲ್ಲ ಅನ್ನೂ ಮಾತು ನನ್ನ ಬಾಯಿಲೆ ಅನ್ನಿಸ್ಕೊಂಡು ಹೋಗಾಕ ಬಂದಿ.

ಹಂಗ ನೋಡಬ್ಯಾಡ. ಬಾಲಿ ಬಂದಿದ್ಳು. ಹೋದ ಸಂತಿ ದಿನ ರವಿಕಿ ಹೊಲ್ಯಾಕ ಹಾಕಿ ಬರ್ತೀನಿ ಅಂತ ನಿಂಗ ಹೇಳಿ, ಸೀದಾ ಇಲ್ಲಿಗಿ ಬಂದಾಳ. ನೀ ಈಗ ಕುಂತಲ್ಲೇ ಕುಂತು ಅತ್ತಾಳ. ಅತ್ತಿ ಮೊದಲ ಅರಿಷಿಣ ಹಚ್ಚದಿದ್ರ ಹಸಿಮಣಿ ಮ್ಯಾಲ ಕೂಡಾಂಗೇ ಇಲ್ಲ ಅಂತ ನಿಮ್ಮಿಬ್ರ ಮುಂದ ಹಟ ಹಿಡದಾಳಂತ. ಬೀಗರು ಏನಂತಾರೋ ಅಂತ ಚಂದ್ರಾಮ ಹೌಹಾರಿ ನಿನ್ನ ಕಳಿಸ್ಯಾನ. "ನಿಮ್ಮತ್ತೀನೇ ಬರಾಂಗಿಲ್ಲಂದ್ಳು" ಅಂತ ನೀ ಹೋಗಿ ಹೇಳಿದ್ರ ಹುಡುಗಿ ಸುಮ್ಮನಾಗ್ತಾಳ. ಹೌದಿಲ್ಲ? ನೀ ಕಾಲಿಟ್ಟಾಗಿಂದ ಗೊತ್ತದ ನಂಗ. ನಿನ್ನ ಹೊಟ್ಟ್ಯಾಗಿನ ಮಾತು ಒಂದರ ಹೊರಗ ಬರ್ತದೇನು ಅಂತ ಇಷ್ಟು ಹೊತ್ತು ಬಡಬಡಿಸಿದೆ.

ಅಳಬ್ಯಾಡ. ನಾ ಬೈಯಾಕತ್ತಿಲ್ಲ. ನಂಗ ಭಾಳ ನೋವಾಗ್ಯಾದ, ಅದಕ್ಕ ಅಂದೆ. ಬ್ಯಾರೆಯವ್ರು ಮಾಡಿದ್ರ ಇಷ್ಟು ಹತ್ತತಿರಲಿಲ್ಲ.

ಈಗ ಒಂದು ಕೆಲಸ ಮಾಡು. ನೀನೇ ಅನ್ನು, "ಅಕ್ಕಾ, ಬರಬ್ಯಾಡ" ಅಂತ. ಹಿಂದ ಮುಂದ ಏನೂ ಹಚ್ಚಬ್ಯಾಡ, ಬೀಗರ ಹೆಸರು, ಮಂದಿ ಹೆಸರು, ಶಾಸ್ತ್ರದ ಹೆಸರು, ಏನೂ ಬ್ಯಾಡ. ಅಂದಿ ಅಂದ್ರ ಬಾಲಿಗಿ ನಾನೇ ಹೇಳಿ ಕಳಸ್ತೀನಿ, ನಂಗ ಬರಾಕಾಗಂಗಿಲ್ಲವ್ವ, ನೀ ಮಣಿ ಮ್ಯಾಲ ಕೂಡು ಅಂತ. ನಿನ್ನ ಹೆಸರು ತಗ್ಯಂಗಿಲ್ಲ, ಸಾಯೋ ತನಕ ತಗ್ಯಂಗಿಲ್ಲ.

ಅನ್ನು...

ಬಾಗಲ ಕಡಿ ಏನು ನೋಡ್ತಿ, ಅಲ್ಲಿ ಯಾರೂ ಇಲ್ಲ. ನೀನೇ ಅನ್ನಬೇಕು.

ಬಾಯಿ ತಗದಿ, ಮತ್ತ ಮುಚ್ಚಿದಿ.

ಆಗವಲ್ದು?

ಆತು ಬಿಡು. ಕಣ್ಣೊರಸ್ಕೋ. ಒಳಗ ಹೋಗು, ಒರಳಿನಾಗ ಅರಿಷಿಣ ಅದ. ಬಾಲಿ ಬಂದು ಹೋದ ಮರುದಿನಾನೇ ಕುಟ್ಟಿಟ್ಟೀನಿ. ಎಷ್ಟು ಬೇಕಾಗ್ತದೋ ತಿಳೀಲಿಲ್ಲ, ಕೈ ಸೋಲೂತನಕ ಕುಟ್ಟೀನಿ. ನಾ ಬರೂವಾಗ ತರಾಕ ಡಬ್ಬಿಗಿ ತುಂಬಬೇಕು, ಬಾ, ನೀನೂ ಕೈ ಹಚ್ಚು.